ಹೆಸರು ಕೇಳಬಾರದ ಗಿಡ

ನಮ್ಮ ಮನೆಯ ಉದ್ದ ಕೊಡೆ ಈಗ ಭಟ್ಕಳದಲ್ಲಿದೆ. ಬಾಗಿದ ಮರದ ಹಿಡಿಯ, ಇಬ್ಬರು ನಿಂತರೂ ಹೆಗಲು ನೆನೆಯದಷ್ಟು ಅಗಲದ ಹಳೇ ಕಾಲದ ಕೊಡೆ. ಕುಮಟೆಯ ಮೇಲೆ ಒಂದು ಮೋಡ ಕಂಡರೆ ಸಾಕು, ನಮ್ಮ ಮನೆಯವರು ಬಾಗಿಲ ಹಿಂದಿನ ಖಾಲಿ ಮೊಳೆಯನ್ನು ನೋಡಿ, "ಆ ಕೊಡೆ ವಾಪಸ್ ಕೇಳೂಕೆ ನಿಂಗೆ ಎಂತ ಆಗ್ತದೆ? ಒಂದು ಫೋನ್ ಮಾಡೂಕೆ ಆಗೂದಿಲ್ಲಾ?" ಎನ್ನುತ್ತಾರೆ. ಆಗುವುದಿಲ್ಲ. ಯಾಕೆ ಎಂದು ವಿವರಿಸಿದರೆ ಅವರಿಗೆ ಅರ್ಥವಾಗುವುದೂ ಇಲ್ಲ. ಜನ್ಮದಲ್ಲಿ ಒಂದು ಗಿಡ ಕದ್ದವರಲ್ಲ. ನಿಮಗಾದರೆ ಹೇಳಬಹುದು. ನೀವೂ ಎಲ್ಲಾದರೂ ಒಂದು ಗೆಲ್ಲು ಮುರಿದವರೇ ಇರುತ್ತೀರಿ.

ಗಿಡ ಕದಿಯುವುದು ಎಂದರೆ ಕತ್ತಲಲ್ಲಿ ಕಂಪೌಂಡ್ ಹಾರುವುದು ಎಂದುಕೊಳ್ಳಬೇಡಿ. ನಮ್ಮ ಕಡೆ ಅದು ಹಗಲು ಹೊತ್ತಿನ, ಚಾ ಕುಡಿದ ಮೇಲಿನ, ಬಹಳ ಮರ್ಯಾದೆಯ ಕೆಲಸ. ಯಾರದೋ ಮನೆಗೆ ಹೋಗುತ್ತೀರಿ. ಚಾ, ಚಕ್ಕುಲಿ, ಯಾರ ಮನೆಯಲ್ಲಿ ಮದುವೆ, ಯಾರಿಗೆ ಮೊಣಕಾಲು ನೋವು, ಎಲ್ಲ ಮುಗಿಯುತ್ತದೆ. ಆಮೇಲೆ ಮನೆಯೊಡತಿ "ಬಾ, ಹಿತ್ಲು ನೋಡ್ವಾ" ಎಂದು ಏಳುತ್ತಾಳೆ. ಅಲ್ಲಿ ಹೊಸ ದಾಸವಾಳವೋ ಪಟ್ಟೆ ಎಲೆಯ ಕ್ರೋಟನ್ನೋ ಇರುತ್ತದೆ. ನೀವು "ಎಂಥ ಚಂದ ಮಾರಾಯ್ತಿ!" ಎಂದು ನಿಲ್ಲಿಸಬೇಕು. ಕೇಳಬಾರದು. ಕೇಳಿ ಪಡೆದ ಗಿಡ ಬೇರು ಬಿಡುವುದಿಲ್ಲ, ಕದ್ದದ್ದು ಮಾತ್ರ ಹತ್ತುತ್ತದೆ ಎಂದು ನಮ್ಮ ಹೆಂಗಸರು ಎಲ್ಲರೂ ನಂಬಿದ್ದಾರೆ. ವಿಜ್ಞಾನ ಕಲಿಸಿದ ನಾನೂ ನಂಬಿದ್ದೇನೆ. ಅವಳೂ ಬಾಯಿಬಿಟ್ಟು "ತಕೋ" ಎನ್ನಬಾರದು. ಅವಳು ಮೂಗರಳಿಸಿ, "ಅಯ್ಯೋ, ಹಾಲು ಉಕ್ತು!" ಎಂದು ಒಳಗೆ ಓಡಬೇಕು. ಒಲೆಯ ಮೇಲೆ ಹಾಲು ಇರಲೇಬೇಕೆಂದಿಲ್ಲ. ಅವಳು ಅಡುಗೆಮನೆಯ ಗೋಡೆಗೆ ಒರಗಿ ಸುಮ್ಮನೆ ನಿಂತಿರುತ್ತಾಳೆ. ನೀವು ಹೊರಗೆ ಗೆಲ್ಲು ಮುರಿದು, ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿಕೊಂಡು, ತೆಂಗಿನಮರದ ತುದಿ ನೋಡುತ್ತ ನಿಲ್ಲುತ್ತೀರಿ. ಅವಳು ಹೊರಗೆ ಬರುವ ಮೊದಲು ಒಮ್ಮೆ ಕೆಮ್ಮುತ್ತಾಳೆ. ಇಷ್ಟು ಸಭ್ಯವಾದ ಕಳ್ಳತನ ಬೇರೆ ಯಾವ ಸೀಮೆಯಲ್ಲಿದೆಯೋ ನನಗೆ ಗೊತ್ತಿಲ್ಲ.

ಇದರಲ್ಲಿ ಒಂದೇ ತೊಂದರೆ. ಕದ್ದ ಗಿಡದ ಹೆಸರು ಕೇಳುವ ಹಾಗಿಲ್ಲ. ಕೇಳಿದರೆ ಕದ್ದದ್ದನ್ನು ಒಪ್ಪಿಕೊಂಡ ಹಾಗೆ. ಹಾಗಾಗಿ ನಮ್ಮ ಹಿತ್ತಿಲುಗಳಲ್ಲಿ ಅರ್ಧ ಗಿಡಗಳಿಗೆ ಅವುಗಳ ಸ್ವಂತ ಹೆಸರಿಲ್ಲ, ಬಂದ ಮನೆಯ ಹೆಸರಿದೆ. ನನ್ನ ಬಾವಿಕಟ್ಟೆಯ ಹತ್ತಿರ "ಹೊನ್ನಾವರ ಡಾಕ್ಟರ್" ಎಂಬ ಕೆಂಪು ಎಲೆಯ ಗಿಡವಿದೆ. ತುಳಸಿಕಟ್ಟೆಯ ಪಕ್ಕ "ಕಾಗಾಲದ ಬೀಗರು" ಪ್ರತಿ ವರ್ಷ ನೇರಳೆ ಹೂ ಬಿಡುತ್ತಾರೆ. ಒಮ್ಮೆ ನಾನು ಜೋರಾಗಿ "ಬೀಗರಿಗೆ ಹುಳ ಬಿದ್ದಿದೆ, ಬುಡಕ್ಕೆ ಬೂದಿ ಹಾಕಬೇಕು" ಎಂದದ್ದನ್ನು ಕೇಳಿ ಪಕ್ಕದ ಮನೆಯ ಹೊಸ ಸೊಸೆ ಕಿಟಕಿ ಮುಚ್ಚಿಕೊಂಡಳು.

ಹೆಸರಿಲ್ಲದ ಈ ಗಿಡಗಳಿಂದಲೇ ನನಗೆ ನಿವೃತ್ತಿಯ ನಂತರ ಒಂದು ಪದವಿ ದೊರಕಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಲ್ಲವೇ, ಎಲೆ ನೋಡಿ ಗಿಡದ ಗುರುತು ಹೇಳುತ್ತೇನೆ ಎಂದು ಊರಲ್ಲಿ ಸುದ್ದಿಯಾಗಿದೆ. ಮಹಿಳಾ ಮಂಡಳದ ಸಭೆಗೆ ಹೋದರೆ ಯಾರೋ ಒಬ್ಬರು ಸೆರಗಿನ ಮರೆಯಿಂದ ಒಂದು ಎಲೆ ತೆಗೆಯುತ್ತಾರೆ. "ಅಕ್ಕೋರೇ, ಇದೆಂತ ನೋಡಿ. ಎಲ್ಲಿಂದ ಬಂತು ಅಂತ ಮಾತ್ರ ಕೇಳ್ಬೇಡಿ." ನಾನು ಕನ್ನಡಕ ಏರಿಸಿಕೊಂಡು ಅಂಚು ನೋಡುತ್ತೇನೆ, ನರ ನೋಡುತ್ತೇನೆ, ಬೆಳಕಿಗೆ ಹಿಡಿಯುತ್ತೇನೆ, ಒಂದಿಷ್ಟು ಹೊಸಕಿ ಮೂಸುತ್ತೇನೆ. ತೊಟ್ಟು ಮುರಿದು ಹಾಲು ಬರುತ್ತದೋ ಇಲ್ಲವೋ ನೋಡುತ್ತೇನೆ. ಅಷ್ಟು ಹೊತ್ತಿನಲ್ಲಿ ನೆನಪಾದರೆ ಹೆಸರು ಹೇಳುತ್ತೇನೆ, ಆಗದಿದ್ದರೆ "ಇದು ಹೂ ಬಿಟ್ಟ ಮೇಲೆ ತನ್ನಿ" ಎನ್ನುತ್ತೇನೆ. ಎಷ್ಟೋ ಗಿಡಗಳು ಹೂವೇ ಬಿಡುವುದಿಲ್ಲವಾದ್ದರಿಂದ ನನ್ನ ಮಾನ ಈವರೆಗೆ ಉಳಿದಿದೆ.

ಈಗ ಜಮೀಲಾ ವಿಷಯ. ಜಮೀಲಾ ಮತ್ತು ನಾನು ಭಟ್ಕಳದ ಒಂದೇ ಶಾಲೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಅವಳು ಗಣಿತ, ನಾನು ವಿಜ್ಞಾನ. ಒಬ್ಬರನ್ನೊಬ್ಬರು "ಟೀಚರ್" ಎಂದೇ ಕರೆಯುತ್ತಿದ್ದೆವು, ಈಗಲೂ ಹಾಗೇ, ಆದರೆ ಮಾತೆಲ್ಲ ಏಕವಚನ. ಅವಳು ಮನೆಯವರೊಡನೆ ನವಾಯತಿ, ಮೀನಿನವಳೊಡನೆ ಕೊಂಕಣಿ, ನನ್ನೊಡನೆ ಕನ್ನಡ ಮಾತಾಡುತ್ತಾಳೆ. ಸಿಟ್ಟು ಬಂದರೆ ಮೂರೂ ಒಟ್ಟಿಗೆ ಬರುತ್ತವೆ. ನಾನು ಕುಮಟೆಯಿಂದ ಬಸ್ಸು ಹಿಡಿದು ಹಸಿದು ಬರುತ್ತೇನೆಂದು ದಿನಾ ಒಂದು ಡಬ್ಬಿ ಹೆಚ್ಚು ತರುತ್ತಿದ್ದಳು. ನನ್ನ ಜೀವನದಲ್ಲಿ ಇವಳಷ್ಟು ಹತ್ತಿರದ ಗೆಳತಿ ಇನ್ನೊಬ್ಬಳಿಲ್ಲ.

ಆ ಶಾಲೆಯ ಸ್ಟಾಫ್ ರೂಮಿನ ಕಿಟಕಿಯಲ್ಲಿ ನಾನು ಒಂದು ಜಾಮಿನ ಬಾಟಲಿಗೆ ನೀರು ತುಂಬಿಸಿ ಮನಿ ಪ್ಲಾಂಟ್ ಬೆಳೆಸಿದ್ದೆ. ಹಸಿರು ಎಲೆ, ಅದರ ಮೇಲೆ ಹಳದಿ ಚಿಮುಕಿಸಿದ ಹಾಗೆ ಗೀರು. ದಿನಾ ನೀರು ಬದಲಿಸಿ, ಎಲೆ ಒರೆಸಿ, ಕಿಟಕಿಯ ಸರಳಿಗೆ ಹಬ್ಬಿಸಿದ್ದೆ. ಒಂದು ಸೋಮವಾರ ಬಂದು ನೋಡಿದರೆ ಬಳ್ಳಿಯ ಮುಕ್ಕಾಲು ಪಾಲು ಕತ್ತರಿಸಿ ಹೋಗಿದೆ! ನನಗೆ ತಲೆ ಕೆಟ್ಟಿತು. ಕದಿಯಲಿ, ಬೇಡ ಎಂದವರಾರು? ಆದರೆ ಒಂದು ಗೆಲ್ಲು ಮುರಿಯುವುದು ಬೇರೆ, ಬಳ್ಳಿಯನ್ನೇ ಕೊಯ್ಯುವುದು ಬೇರೆ. ಎಲ್ಲರೂ ಕೇಳುವ ಹಾಗೆ, "ಯಾರು ಕೊಯ್ದರೋ ಅವರ ಮನೇಲಿ ಅದು ಒಣಗಿ ಕರಕಲಾಗಿ ಹೋಗ್ಲಿ" ಎಂದು ಶಾಪ ಹಾಕಿದೆ. ಹಿಂದಿನ ವಾರವಷ್ಟೇ ಆ ಬಳ್ಳಿಯ ಚಿತ್ರ ಬರೆದಿದ್ದ ಡ್ರಾಯಿಂಗ್ ಮಾಸ್ತರರ ಮೇಲೆ ನನಗೆ ಗುಮಾನಿ. ಆ ಪಾಪದ ಮನುಷ್ಯನೊಡನೆ ಒಂದು ಟರ್ಮ್ ಮಾತು ಬಿಟ್ಟೆ. ಜಮೀಲಾ ನನ್ನ ಕಡೆ ನಿಂತು, "ಇದನ್ನ ಹಿಂಗೇ ಬಿಡೂಕಾಗ ಟೀಚರ್, ವಿಚಾರಣೆ ಆಗ್ಬೇಕು" ಎಂದು ನನಗಿಂತ ಜೋರಾಗಿ ಮೇಜು ಗುದ್ದಿದಳು. ಉಳಿದ ತುಂಡನ್ನು ನಾನು ಮನೆಗೆ ತಂದೆ. ಅದು ಈಗಲೂ ನಮ್ಮ ಬಚ್ಚಲಮನೆಯ ಕಿಟಕಿಯಲ್ಲಿ, ಅದೇ ಬಾಟಲಿಯಲ್ಲಿ ಬದುಕಿದೆ.

ಕಳೆದ ಶ್ರಾವಣದಲ್ಲಿ ಜಮೀಲಾಳ ಮನೆಗೆ ಹೋಗಿದ್ದೆ. ಎಷ್ಟೋ ವರ್ಷಗಳಿಂದ ಅವಳೇ ಕುಮಟೆಗೆ ಬರುತ್ತಿದ್ದಳು, ಅವಳ ಮನೆಯ ಹಿತ್ತಿಲನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ನಾನು ನೋಡೋಣವೆಂದರೆ ಅವಳು ಮಾತು ಮರೆಸುತ್ತಿದ್ದಳು. ಅಂದು ಮಲ್ಲಿಗೆ ಬಳ್ಳಿ ನೋಡುವ ನೆಪದಲ್ಲಿ ನಾನೇ ಹಿಂದಕ್ಕೆ ಹೋದೆ. ಹೋದವಳು ಅಲ್ಲೇ ನಿಂತೆ. ತೆಂಗಿನ ಮರವನ್ನು ತಬ್ಬಿಕೊಂಡು ಒಂದು ಬಳ್ಳಿ ಮೇಲೇರಿತ್ತು. ಬುಡದ ಎಲೆಗಳೆಲ್ಲ ಉದುರಿ, ಹೆಬ್ಬೆರಳಿನಷ್ಟು ದಪ್ಪದ ಬೋಳು ಬಳ್ಳಿ. ತಲೆಯ ಮೇಲಿನಿಂದ ಎಲೆಗಳು ಶುರು. ಎಂಥ ಎಲೆಗಳು! ಒಂದೊಂದೂ ಮೊರದಷ್ಟು ಅಗಲ, ಅಂಚಿನಿಂದ ನಡುವಿನ ನರದವರೆಗೆ ಉದ್ದುದ್ದ ಸೀಳು.

"ಎಂತ ಗಿಡವೇ ಇದು?" ಎಂದು ಕೇಳಿಯೇಬಿಟ್ಟೆ. ಕದಿಯುವ ಮೊದಲು ಕೇಳಿದರೆ ತಪ್ಪಿಲ್ಲ.

"ಗೊತ್ತಿಲ್ಲ," ಎಂದಳು ಜಮೀಲಾ.

"ಎಲ್ಲಿಂದ ತಂದೆ?"

"ಶಾಲೆಯಿಂದ..." ಎಂದವಳು ಒಂದು ಕ್ಷಣ ತಡೆದು, "ಶಾಲೆಯಿಂದ ಬರೂಕಾರೆ ದಾರೀಲಿ ಸಿಕ್ಕಿತ್ತು. ಬಾ, ಚಾ ಆರಿ ಹೋಗ್ತದೆ" ಎಂದು ನನ್ನ ರಟ್ಟೆ ಹಿಡಿದಳು.

ನಾನು ಕದಲಲಿಲ್ಲ. ಇನ್ನೇನು ಅವಳ ಹಾಲು ಉಕ್ಕುತ್ತದೆ ಎಂದು ಕಾದೆ. ಉಕ್ಕಲಿಲ್ಲ. ನಾನೇ ಮೂಗರಳಿಸಿ, "ಎಂತದೋ ಸೀದ ವಾಸ್ನೆ ಬತ್ತದ್ಯಲ್ಲ" ಎಂದು ದಾರಿ ತೋರಿಸಿದೆ. ಅವಳು ಜಪ್ಪಯ್ಯ ಎನ್ನಲಿಲ್ಲ. "ಟೀಚರ್, ಈ ಹಿತ್ಲಲ್ಲಿ ಎಂತ ಬೇಕಾರೂ ಮುರ್ಕೋ. ಅದನ್ನೊಂದು ಮುಟ್ಬೇಡ" ಎಂದಳು. ನಮ್ಮ ಕಡೆ ಯಾರೂ ಯಾರಿಗೂ ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಬೇಸರವೂ ಆಯಿತು, ಆಸೆ ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ಗೇಟಿನಲ್ಲಿ ಮೀನಿನವಳು ಕೂಗಿದಳು. ಜಮೀಲಾ ಎರಡು ಸಲ ಹಿಂದೆ ತಿರುಗಿ ನೋಡುತ್ತ ಹೋದಳು. ಬಂಗಡೆಯ ಚೌಕಾಸಿ ಬೇಗ ಮುಗಿಯುವಂಥದ್ದಲ್ಲ. ನನ್ನ ವಯಸ್ಸಿಗೆ ಒಪ್ಪದ ಕೆಲಸವೊಂದನ್ನು ಮಾಡಿದೆ: ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ, ಕೈಚೀಲದಲ್ಲಿ ಸದಾ ಇರುವ ಅಡಕತ್ತರಿಯಿಂದ ಒಂದು ತುದಿಯನ್ನು ಎಲೆ ಸಮೇತ ಕತ್ತರಿಸಿದೆ. ಇಳಿದ ಮೇಲೆ ತಿಳಿಯಿತು, ಆ ಎಲೆ ನನ್ನ ಕೈಚೀಲಕ್ಕೆ ಮಾತ್ರವಲ್ಲ, ಯಾವ ಚೀಲಕ್ಕೂ ಹಿಡಿಯುವಂಥದ್ದಲ್ಲ. ನಾನೇ ತಂದು ಗೋಡೆಗೆ ಒರಗಿಸಿದ್ದ ನಮ್ಮ ಉದ್ದ ಕೊಡೆ ಕಂಡಿತು. ಎಲೆಯನ್ನು ಅದರ ಮಡಿಕೆಯೊಳಗೆ ಸುತ್ತಿ, ಗುಂಡಿ ಹಾಕಿ, ಮಲ್ಲಿಗೆಯ ಹತ್ತಿರ ಹೋಗಿ ನಿಂತೆ.

ವಾಪಸ್ ಬರುವಾಗ ಹೊನ್ನಾವರದಲ್ಲಿ ಬಸ್ಸು ಕೆಟ್ಟಿತು. ಎಲ್ಲರನ್ನೂ ಇಳಿಸಿದರು. ಇಳಿದದ್ದೇ ತಡ, ಶರಾವತಿಯ ಕಡೆಯಿಂದ ಮಳೆ ಎದ್ದು ಬಂತು. ಜನ ಕೊಡೆ ಬಿಡಿಸಿದರು, ಕೊಡೆ ಇಲ್ಲದವರು ಅಂಗಡಿ ಮಾಡಿನ ಕೆಳಗೆ ಓಡಿದರು. ನಾನು ಆ ಊರಿನಲ್ಲೇ ಅತಿ ದೊಡ್ಡ ಕೊಡೆಯನ್ನು ಕಂಕುಳಲ್ಲಿ ಅವಚಿಕೊಂಡು, ತಲೆಯಿಂದ ನೀರಿಳಿಸುತ್ತ ನಿಂತಿದ್ದೆ. ಧಾರೇಶ್ವರದ ನಾಗವೇಣಿ, ನಮ್ಮ ಮಹಿಳಾ ಮಂಡಳದವಳು, ಅದೇ ಬಸ್ಸಿನಿಂದ ಇಳಿದವಳು ಹತ್ತಿರ ಬಂದಳು.

"ಅಕ್ಕೋರೇ, ಕೊಡೆ ಇದ್ದೂ ನೆನೀತ್ರಲ್ಲ, ಎಂತಾತು?"

"ಕಡ್ಡಿ ಮುರಿದಿದೆ."

"ಕೊಡಿ, ನಾ ನೋಡ್ತೆ, ನಂಗೆ ರಿಪೇರಿ ಬತ್ತದೆ."

"ಬೇಡ ಬೇಡ! ಮಳೇಲಿ ನೆನೆದ್ರೆ ನಂಗೆ ಹಿತ ಆಗ್ತದೆ," ಎಂದೆ. ಅವಳು ನನ್ನ ಮುಖವನ್ನು ಕನಿಕರದಿಂದ ನೋಡಿ ಮುಂದಿನ ಟೆಂಪೋ ಹತ್ತಿದಳು. ಮರುದಿನ ಮಂಡಳದ ಮೂವರು ಹೆಂಗಸರು ಫೋನ್ ಮಾಡಿ ನನ್ನ ಆರೋಗ್ಯ ವಿಚಾರಿಸಿದರು.

ತುದಿಯನ್ನು ಬಚ್ಚಲಮನೆಯ ಹೊರಗೆ ಕುಂಡದಲ್ಲಿ ನೆಟ್ಟೆ. ಗುರುತು ಹಿಡಿಯುವ ಕೆಲಸ ಶುರುವಾಯಿತು. ಕೆಸುವಿನ ಜಾತಿಯದು ಎನ್ನುವುದು ಮೊದಲ ದಿನವೇ ಗೊತ್ತಾಯಿತು, ಕತ್ತರಿಸಿದ ಕಡೆಯ ನೀರು ತಾಗಿ ಮಣಿಕಟ್ಟು ತುರಿಸಿತ್ತು. ಅಲ್ಲಿಂದ ಮುಂದೆ ದಾರಿಯೇ ಇಲ್ಲ. ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪಿಗೆ ತೋರಿಸಿದೆ. ಬೆಳಿಗ್ಗೆ ಒಂದು ವಿಲಾಯತಿ ಹೆಸರು ಹೇಳಿತು, ಸಂಜೆ ಇನ್ನೊಂದು. ಮೂರನೆಯ ಫೋಟೋದಲ್ಲಿ ನಮ್ಮ ಮನೆಯವರ ಪಾದವೂ ಬಂದಿತ್ತು, ಸುವರ್ಣಗೆಡ್ಡೆ ಎಂದಿತು. ಎಲೆಗೆ ಹೇಳಿತೋ ಪಾದಕ್ಕೆ ಹೇಳಿತೋ ತಿಳಿಯಲಿಲ್ಲ. ಫೋಟೋ ಮಂಡಳದ ಗುಂಪಿಗೆ ಹಾಕಿದರೆ ಭಟ್ಕಳಕ್ಕೆ ಮುಟ್ಟಲು ಗಳಿಗೆ ಸಾಕು, ಅದಕ್ಕೆ ಎಲೆಯ ಚಿತ್ರ ಬರೆದು ನಾಗವೇಣಿಗೆ ತೋರಿಸಿದೆ. ಅವಳು ಕಾಗದವನ್ನು ಅತ್ತಿತ್ತ ತಿರುಗಿಸಿ, "ಇದು ಇಸ್ವಾಣ ಮೀನಿನ ಮುಳ್ಳಾ ಅಕ್ಕೋರೇ?" ಎಂದಳು. ಡ್ರಾಯಿಂಗ್ ಮಾಸ್ತರರೊಡನೆ ಮಾತು ಬಿಡಬಾರದಿತ್ತು ಎಂದು ಆಗ ಅನ್ನಿಸಿತು. ನಮ್ಮ ಮನೆಯವರು ಮಾತ್ರ ದಿನಾ ಕುಂಡದ ಮುಂದೆ ನಿಂತು, "ಕೆಸುವಿನ ಜಾತಿ ಅಂದ್ಯಲ್ಲ, ಈ ಒಂದು ಎಲೇಲಿ ಮನೆ ಮಂದಿಗೆಲ್ಲ ಪತ್ರೊಡೆ ಆಗ್ತದೆ" ಎಂದು ಲೆಕ್ಕ ಹಾಕುತ್ತಿದ್ದರು.

ಒಂದು ವಾರಕ್ಕೆ ಜಮೀಲಾಳ ಫೋನ್ ಬಂತು.

"ಟೀಚರ್, ನಮ್ಮ ಆ ಬಳ್ಳಿದು ಒಂದು ತುದಿ ಇಲ್ಲ. ನೀ ಮುಟ್ಟಿದ್ಯಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು, "ಇಲ್ಲಪ್ಪ, ದನ ತಿಂದಿರ್ಬೇಕು" ಎಂದೆ.

"ಅಷ್ಟೆತ್ತರಕ್ಕೆ ದನ?"

"ಹಂಗಾರೆ ಮಂಗ."

"ಆತು" ಎಂದು ಫೋನ್ ಇಟ್ಟಳು. ಜಮೀಲಾ ಏನು ಮಾಡಿದರೂ ಕ್ಷಮಿಸುತ್ತಾಳೆ, ಎದುರಿಗೆ ಹೇಳಿದ ಸುಳ್ಳನ್ನು ಕ್ಷಮಿಸುವುದಿಲ್ಲ. ಅದೊಂದು ಕಾರಣಕ್ಕೆ ಸ್ವಂತ ಓರಗಿತ್ತಿಯ ಮನೆಗೆ ಹೋಗುವುದನ್ನೇ ಬಿಟ್ಟವಳು. ಇನ್ನು ಅವಳು ನಮ್ಮ ಹಿತ್ತಿಲಿಗೆ ಬಂದು ಆ ಎಲೆ ನೋಡಿದಳೋ, ನನ್ನ ಡಬ್ಬಿಯ ಗೆಳತಿ ನನಗಿಲ್ಲ. ಎಲೆಯನ್ನು ಕತ್ತರಿಸಿ ಒಗೆಯೋಣವೆಂದು ಎಷ್ಟೋ ಸಲ ಅಡಕತ್ತರಿ ಹಿಡಿದು ಹೋದೆ. ಗಿಡಕ್ಕೆ ಇದ್ದದ್ದು ಅದೊಂದೇ ಎಲೆ. ಅದರ ಪಕ್ಕದಲ್ಲಿ ಹೊಸ ಸುಳಿ ಬೇರೆ ಮೂಡಿತ್ತು. ಮನಸ್ಸಾಗಲಿಲ್ಲ.

ಆ ಸುಳಿ ಬಿಡಿಸಿಕೊಂಡಾಗ ನನಗೆ ಸ್ವಲ್ಪ ನಿರಾಸೆಯಾಯಿತು. ಎಲೆ ಅರ್ಧಕ್ಕರ್ಧ ಸಣ್ಣದು, ಒಂದೆರಡೇ ಸೀಳು. ಮಣ್ಣು ಸಾಲದೆಂದು ಗೊಬ್ಬರ ಹಾಕಿದೆ. ಮುಂದಿನದು ಇನ್ನೂ ಸಣ್ಣದು, ಸೀಳೇ ಇಲ್ಲ. ಮೀನು ತೊಳೆದ ನೀರು ಹಾಕಿದೆ. ಅದರ ಮುಂದಿನದು ಮತ್ತೂ ಸಣ್ಣದು. ನನ್ನ ಅಪರೂಪದ ಗಿಡ ತಿಂಗಳು ತಿಂಗಳಿಗೆ ಸೊರಗುತ್ತಿರುವುದನ್ನು ನೋಡಿ, ಸುಳ್ಳು ಹೇಳಿದ್ದಕ್ಕೆ ತಕ್ಕ ಶಾಸ್ತಿ ಎಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಜಮೀಲಾ ಫೋನ್ ಮಾಡಿ, "ಕಣ್ಣು ತೋರ್ಸೂಕೆ ಕುಮಟೆಗೆ ಬಂದಿದ್ದೆ ಟೀಚರ್. ಮುಗೀತು. ಈಗ ನಿನ್ನ ಮನೆಗೆ ಬರ್ತೆ" ಎಂದಳು. ನಾನು ಫೋನನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಓಡಿದೆ. ಕುಂಡವನ್ನು ಎತ್ತಿ ಬಚ್ಚಲಮನೆಗೆ ಹೊತ್ತೆ. ಬಾಗಿಲು ಹಾಕಿ ಚಿಲಕ ಹಾಕುವುದೊಂದೇ ಬಾಕಿ. ಉಸಿರು ಬಿಡಲೆಂದು ಕುಂಡವನ್ನು ಕಿಟಕಿಯ ಕಟ್ಟೆಯ ಮೇಲೆ, ನನ್ನ ಹಳೇ ಜಾಮಿನ ಬಾಟಲಿಯ ಪಕ್ಕ ಇಟ್ಟೆ. ಕುಂಡದ ಹೊಸ ಎಲೆ ಅಂದೇ ಪೂರ್ತಿ ಅರಳಿತ್ತು. ಅಂಗೈಯಗಲದ, ಹೃದಯದಾಕಾರದ ಎಲೆ, ಅದರ ಮೇಲೆ ಹಳದಿ ಚಿಮುಕಿಸಿದ ಹಾಗೆ ಗೀರು. ಬಾಟಲಿಯ ಎಲೆಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ನಾನು ಅಲ್ಲೇ ಬಚ್ಚಲಕಲ್ಲಿನ ಮೇಲೆ ಕುಳಿತೆ. ಮನಿ ಪ್ಲಾಂಟ್ ಬಾಟಲಿಯಲ್ಲಿದ್ದರೆ ಸಣ್ಣ ಎಲೆ ಬಿಡುತ್ತದೆ. ಮರ ಸಿಕ್ಕಿ ಮೇಲೆ ಹತ್ತಿದರೆ ಎಲೆ ಮೊರದಗಲವಾಗಿ ಸೀಳಿಕೊಳ್ಳುತ್ತದೆ. ಇಳಿಸಿ ಕುಂಡಕ್ಕೆ ಹಾಕಿದರೆ ಮತ್ತೆ ಸಣ್ಣದಾಗುತ್ತ ಬರುತ್ತದೆ. ಒಂದೇ ಗಿಡಕ್ಕೆ ಎರಡು ಬಗೆ ಎಲೆ ಇರಬಹುದು ಎಂದು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಒಕ್ಕೊರಲಲ್ಲಿ ಹೇಳಿಸಿದವಳು ನಾನೇ. ನನ್ನ ಕೈಯಿಂದ ಹಬ್ಬಿಸಿದ ಬಳ್ಳಿಯನ್ನು ನಾನೇ ಗುರುತಿಸದೆ, ಒಗೆಯುವ ಕಲ್ಲು ಹತ್ತಿ ಕದ್ದು, ಮಳೆಯಲ್ಲಿ ನೆನೆದು, ತಪ್ಪನ್ನು ಮಂಗನ ಮೇಲೆ ಹಾಕಿದ್ದೆ!

ಆಮೇಲೆ ಉಳಿದದ್ದೂ ಹೊಳೆಯಿತು. "ಶಾಲೆಯಿಂದ" ಎಂದು ಅರ್ಧಕ್ಕೆ ನಿಲ್ಲಿಸಿದ್ದು. ನನ್ನನ್ನು ಹಿತ್ತಿಲಿಗೆ ಬಿಡದೆ ಅಷ್ಟು ವರ್ಷ ಮಾತು ಮರೆಸಿದ್ದು. ಮೇಜು ಗುದ್ದಿ ವಿಚಾರಣೆ ಕೇಳಿದ್ದು. ಸಿಟ್ಟು ಬರಬೇಕಿತ್ತು, ನಗು ಬಂತು, ನಗುತ್ತ ಕಣ್ಣಲ್ಲಿ ನೀರೂ ಬಂತು. ಪಾಪ, ಕೇಳಿ ಪಡೆದರೆ ಹತ್ತುವುದಿಲ್ಲ. ಅವಳು ಕದಿಯಬೇಕಾದರೆ ನಾನು ಒಳಗೆ ಹೋಗಬೇಕು. ಸ್ಟಾಫ್ ರೂಮಿನಲ್ಲಿ ಹಾಲು ಎಲ್ಲಿಂದ ಉಕ್ಕಬೇಕು? ನನ್ನ ಶಾಪ ಕೇಳಿದ ಮೇಲೆ ಅವಳು ಬಾಯಿ ಬಿಡುವುದಾದರೂ ಹೇಗೆ? ನಾನು ಒಂದು ಸುಳ್ಳಿಗೆ ಮೂರು ತಿಂಗಳು ಒದ್ದಾಡಿದ್ದೆ. ಅವಳು ಇಷ್ಟು ವರ್ಷ ಒದ್ದಾಡಿದ್ದಳು, ಆ ಬಳ್ಳಿಯನ್ನು ಒಣಗಲು ಬಿಡದೆ, ತೆಂಗಿನ ಮರದ ತಲೆಯವರೆಗೆ ಬೆಳೆಸುತ್ತ.

ಕುಂಡವನ್ನು ಎತ್ತಿಕೊಂಡು ಹೋಗಿ ಮೊದಲಿನ ಜಾಗದಲ್ಲೇ ಇಟ್ಟೆ.

ಜಮೀಲಾ ಬಂದಳು. ಮಲ್ಲಿಗೆಯ ದಂಡೆ ಕೊಟ್ಟಳು, ಚಾ ಕುಡಿದಳು, ಕಣ್ಣಿನ ಡಾಕ್ಟರನ್ನು ಬೈದಳು. ಬಳ್ಳಿಯ ಮಾತು ಎತ್ತಲಿಲ್ಲ. ಎಂದಿನ ಹಾಗೆ ಜೋರಾಗಿ ನಗಲೂ ಇಲ್ಲ. ನಾನೇ "ಬಾ, ಹಿತ್ಲು ನೋಡ್ವಾ" ಎಂದೆ.

ಕುಂಡದ ಮುಂದೆ ನಿಂತಳು. ಮೇಲೆ ಹಳದಿ ಗೀರಿನ ಸಣ್ಣ ಎಲೆಗಳು. ಬುಡದಲ್ಲಿ ಅವಳ ಮನೆಯ ಆ ದೊಡ್ಡ ಸೀಳೆಲೆ. ಮೇಲಿನದು ಅವಳ ಕಳ್ಳತನ, ಕೆಳಗಿನದು ನನ್ನದು. ಅವಳು ಎರಡನ್ನೂ ನೋಡಿದಳು. ಕಿವಿಯವರೆಗೆ ಕೆಂಪಾದಳು.

"ಎಂತ ಗಿಡ ಟೀಚರ್ ಇದು?" ಎಂದಳು, ನನ್ನ ಮುಖ ನೋಡದೆ.

"ಎಂತದೋ ಮಾರಾಯ್ತಿ. ಎಲೆ ನೋಡಿ ನೋಡಿ ಸಾಕಾತು, ನಂಗೆ ಗುರ್ತು ಸಿಕ್ಕಲಿಲ್ಲ. ನಿಂಗೆ ಗೊತ್ತಾತಾ?"

"ಇಲ್ಲ," ಎಂದಳು. "ನಂಗೂ ಗೊತ್ತಾಗ್ಲಿಲ್ಲ."

ನಾನು ಮೂಗರಳಿಸಿದೆ. "ಅಯ್ಯೋ, ಹಾಲು ಉಕ್ತು!" ಎಂದು ಒಳಗೆ ಓಡಿದೆ.

ಅಡುಗೆಮನೆಯಲ್ಲಿ ನಮ್ಮ ಮನೆಯವರು ಅವಲಕ್ಕಿ ಹುಡುಕುತ್ತಿದ್ದರು. "ಹಾಲು ಎಲ್ಲದೆ? ಚಾಕ್ಕೆ ಹಾಕಿ ಮುಗೀತಲ್ಲ!" ಎಂದರು. ಸುಮ್ಮನಿರಿ ಎಂದು ಸನ್ನೆ ಮಾಡಿ ಗೋಡೆಗೆ ಒರಗಿ ನಿಂತೆ. ಮನೆಯಲ್ಲಿ ಏನೂ ಉಕ್ಕಿರಲಿಲ್ಲ, ನನ್ನ ಕಣ್ಣು ಒಂದು ಬಿಟ್ಟು. ಆಮೇಲೆ ಕೆಮ್ಮಿ ಹೊರಗೆ ಬಂದೆ. ಜಮೀಲಾ ನಮ್ಮ ತೆಂಗಿನ ಮರದ ತುದಿ ನೋಡುತ್ತ ನಿಂತಿದ್ದಳು. ಕುಂಡದಲ್ಲಿ ಸಣ್ಣ ಎಲೆಗಳಷ್ಟೇ ಇದ್ದವು. ಯಾರು ನೋಡಿದರೂ ಒಂದು ಸಾಧಾರಣ ಮನಿ ಪ್ಲಾಂಟ್.

"ಬಿಸಿಲು ಜೋರದೆ ಟೀಚರ್. ನಿನ್ನ ಕೊಡೆ ತಕಂಡ್ ಹೋಗ್ತೆ," ಎಂದಳು. ಆ ಅಳತೆಯ ಎಲೆಗೆ ಬೇರೆ ಜಾಗವಾದರೂ ಎಲ್ಲಿತ್ತು? ಕೊಡೆ ಆಗಲೇ ಅವಳ ಕಂಕುಳಲ್ಲಿತ್ತು, ಸ್ವಲ್ಪ ಉಬ್ಬಿಕೊಂಡು, ಗುಂಡಿ ಹಾಕಿಕೊಂಡು.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ದಾರಿಯುದ್ದಕ್ಕೂ ನೆರಳಿಲ್ಲ. ಇಬ್ಬರ ಮುಖದಲ್ಲೂ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಇದ್ದಕ್ಕಿದ್ದ ಹಾಗೆ ಜಮೀಲಾ ನಗತೊಡಗಿದಳು, ಅವಳ ಹಿಂದಿನ ಸ್ಟಾಫ್ ರೂಮಿನ ನಗು. ನಾನೂ ನಕ್ಕೆ. ಯಾಕೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಎದುರಿಗೆ ಬಂದ ನಾಗವೇಣಿ, ಬಿರುಬಿಸಿಲಲ್ಲಿ ಮಡಚಿದ ಕೊಡೆ ಹಿಡಿದು ನಗುತ್ತ ಬರುವ ಇಬ್ಬರು ನಿವೃತ್ತ ಅಕ್ಕೋರುಗಳನ್ನು ನೋಡಿ ರಸ್ತೆಯ ಆ ಬದಿಗೆ ದಾಟಿದಳು. ಕೊಡೆ ಬಿಡಿಸು ಎಂದು ಮಾತ್ರ ನಾನು ಜಮೀಲಾಗೆ ಹೇಳಲಿಲ್ಲ.